ತಾರಸಿ ಮೇಲೆ ಗಾಳಿಯಂತ್ರ: ಮೇರಿಕರ್ಕ್‌ನಿಂದ ನಮ್ಮ ಸೊಸೈಟಿ ಮೀಟಿಂಗ್‌ವರೆಗೆ

ಇವತ್ತಿನ ವಿಷಯ ಗಾಳಿ, ಅದೂ ಮನೆಗೆ ಕರೆಂಟ್ ಕೊಡೋ ಗಾಳಿ. ತಾರಸಿ ಮೇಲೆ ಸಣ್ಣ ವಿಂಡ್ ಟರ್ಬೈನ್ ಹಾಕಿಸಿಕೊಳ್ಳಿ, ಕರೆಂಟ್ ಬಿಲ್ ಮರೆತುಬಿಡಿ ಅನ್ನೋ ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತೆ. ಯಾವುದೋ ಹೊಸ ಸ್ಟಾರ್ಟಪ್‌ನ ಐಡಿಯಾ ಅನ್ನೋ ಹಾಗೆ ತೋರಿಸ್ತಾರೆ. ಈ ಐಡಿಯಾಕ್ಕೆ ಹತ್ತಿರ ಹತ್ತಿರ 140 ವರ್ಷ ಆಗ್ತಾ ಬಂತು.

1887ರ ಜುಲೈ ತಿಂಗಳು. ಗ್ಲಾಸ್ಗೋದ ಆಂಡರ್ಸನ್ ಕಾಲೇಜಿನಲ್ಲಿ ಪಾಠ ಮಾಡ್ತಿದ್ದ ಪ್ರೊಫೆಸರ್ ಜೇಮ್ಸ್ ಬ್ಲೈತ್, ಸ್ಕಾಟ್ಲೆಂಡಿನ ಮೇರಿಕರ್ಕ್ ಅನ್ನೋ ಹಳ್ಳಿಯಲ್ಲಿದ್ದ ತಮ್ಮ ರಜೆಯ ಮನೆಯ ತೋಟದಲ್ಲಿ ಒಂದು ಗಾಳಿಯಂತ್ರ ನಿಲ್ಲಿಸಿದರು. ದೋಣಿಗೆ ಕಟ್ಟೋ ಹಾಗೆ ಬಟ್ಟೆಯ ಪಟಗಳು, ಕೆಳಗೆ ಡೈನಮೊ, ಮನೆಯೊಳಗೆ ಬ್ಯಾಟರಿ, ಅದರಿಂದ ದೀಪ. ಗಾಳಿಯ ಕರೆಂಟಿನಿಂದ ಬೆಳಗಿದ ಮೊದಲ ಮನೆ ಅದು ಅಂತಾರೆ. ಉಳಿದ ಕರೆಂಟಿನಲ್ಲಿ ಊರಿನ ದೊಡ್ಡ ಬೀದಿಗೂ ದೀಪ ಹಾಕಿಕೊಡ್ತೀನಿ ಅಂತ ಬ್ಲೈತ್ ಹೇಳಿದರೆ, ಊರವರು ಇದು ಸೈತಾನನ ಕೆಲಸ, ನಮಗೆ ಬೇಡ ಅಂದರಂತೆ. ಮುಂದೆ ಅವರ ಸುಧಾರಿಸಿದ ಯಂತ್ರಕ್ಕೆ ಜಾಗ ಸಿಕ್ಕಿದ್ದು ಮಾಂಟ್ರೋಸ್ ಊರಿನ ಮಾನಸಿಕ ಆಸ್ಪತ್ರೆಯಲ್ಲಿ.

ಅದೇ ಚಳಿಗಾಲದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಚಾರ್ಲ್ಸ್ ಬ್ರಷ್ ಅನ್ನೋ ಶ್ರೀಮಂತ ಇಂಜಿನಿಯರು ತಮ್ಮ ಬಂಗಲೆಯ ಹಿತ್ತಲಲ್ಲಿ ಇನ್ನೊಂದು ಕಟ್ಟಿದರು. ಅದರ ಚಕ್ರದ ಅಡ್ಡಳತೆ 17 ಮೀಟರ್, ಮರದ ರೆಕ್ಕೆಗಳು 144, ನೆಲಮಾಳಿಗೆಯಲ್ಲಿ 408 ಬ್ಯಾಟರಿ ಸೆಲ್. ಇಷ್ಟೆಲ್ಲ ಸೇರಿ ಕೊಟ್ಟಿದ್ದು ಹೆಚ್ಚೆಂದರೆ 12 ಕಿಲೋವ್ಯಾಟ್. ಸುಮಾರು 20 ವರ್ಷ ಓಡಿತು. ದುಡ್ಡಿರೋರ ಹವ್ಯಾಸ ಅಂತ ಪಕ್ಕಕ್ಕಿಟ್ಟು ಮುಂದೆ ಹೋಗೋಣ, ಯಾಕಂದ್ರೆ ನನಗೆ ನಿಜವಾಗಿ ಇಷ್ಟವಾಗೋ ಜನ ಮುಂದಿದ್ದಾರೆ.

ಅವರು ಮೊಂಟಾನಾದ ಜೇಕಬ್ಸ್ ಅಣ್ಣತಮ್ಮಂದಿರು, ಮಾರ್ಸೆಲಸ್ ಮತ್ತು ಜೋ. 1920ರ ದಶಕ. ಅವರ ಜಮೀನಿನ ಹತ್ತಿರ ಎಲ್ಲೂ ಕರೆಂಟಿನ ತಂತಿ ಇಲ್ಲ. ಸುತ್ತ ಮರವಿಲ್ಲದ ಹುಲ್ಲುಗಾವಲು, ತಡೆಯೇ ಇಲ್ಲದೆ ಬೀಸೋ ಗಾಳಿ. ನೀರೆತ್ತೋ ಹಳೇ ಗಾಳಿಗಿರಣಿಯ ಚಕ್ರಕ್ಕೆ ಡೈನಮೊ ಕಟ್ಟಿ ನೋಡಿದರು, ವೇಗ ಸಾಲಲಿಲ್ಲ. ವಿಮಾನದ ಪ್ರೊಪೆಲರ್ ತಂದು ಕಟ್ಟಿದರು, ಆಗ ಓಡಿತು. ಕೊನೆಗೆ ಮೂರು ರೆಕ್ಕೆಯ ಯಂತ್ರಕ್ಕೆ ಬಂದು ನಿಂತರು. ಇವತ್ತು ನೀವು ಚಿತ್ರದುರ್ಗದ ಗುಡ್ಡಗಳ ಮೇಲೆ ನೋಡೋದೂ ಮೂರು ರೆಕ್ಕೆಯದ್ದೇ. ಆಮೇಲೆ ಮಿನಿಯಾಪೊಲಿಸ್‌ನಲ್ಲಿ ಕಾರ್ಖಾನೆ ಹಾಕಿ, 1950ರ ದಶಕದವರೆಗೆ ಸಾವಿರಾರು ಯಂತ್ರ ಮಾರಿದರು. ಅಡ್ಮಿರಲ್ ಬರ್ಡ್ 1933ರಲ್ಲಿ ಅಂಟಾರ್ಕ್ಟಿಕಾಕ್ಕೆ ಒಂದನ್ನು ಒಯ್ದಿದ್ದರು. 20 ವರ್ಷ ದಾಟಿದ ಮೇಲೂ ಅದು ಅಲ್ಲಿ ಹಿಮದ ಮಧ್ಯೆ ತಿರುಗುತ್ತಲೇ ಇತ್ತು.

ಇದೇ ಕಾಲದಲ್ಲಿ ವಿನ್‌ಚಾರ್ಜರ್ ಅನ್ನೋ ಇನ್ನೊಂದು ಕಂಪನಿ ಜೆನಿತ್ ರೇಡಿಯೊ ಜೊತೆ ಸೇರಿಕೊಂಡಿತು. ರೇಡಿಯೊ ಕೊಂಡ ರೈತನಿಗೆ ಬ್ಯಾಟರಿ ಚಾರ್ಜ್ ಮಾಡೋ ಪುಟ್ಟ ಗಾಳಿಯಂತ್ರ ಹತ್ತೇ ಡಾಲರಿಗೆ. ಬಂಡಲ್ ಆಫರ್ ನಮ್ಮ ಕಾಲದ್ದು ಅಂದುಕೊಂಡಿದ್ವಿ, ಅಲ್ವಾ? 1930ರ ದಶಕದ ನಡುವಿನಲ್ಲಿ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಒಂಬತ್ತಕ್ಕೆ ಕರೆಂಟ್ ಇರಲಿಲ್ಲ. 1936ರಲ್ಲಿ ಗ್ರಾಮೀಣ ವಿದ್ಯುದೀಕರಣದ ಕಾನೂನು ಬಂತು, ನಿಧಾನವಾಗಿ ತಂತಿ ಬಂತು, ಗಾಳಿಯಂತ್ರಗಳು ಒಂದೊಂದಾಗಿ ಕೆಳಗಿಳಿದವು.

ಜೇಕಬ್ಸ್ ಯಂತ್ರ ಅಷ್ಟು ಚೆನ್ನಾಗಿ ಓಡಿದ್ದಕ್ಕೆ ಅದರ ಗಟ್ಟಿತನ ಒಂದು ಕಾರಣ. ಅದು ನಿಂತಿದ್ದ ಜಾಗ ಅದಕ್ಕಿಂತ ದೊಡ್ಡ ಕಾರಣ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಅರ್ಧವಾದರೆ ಶಕ್ತಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 2 ಮೀಟರ್ ಅಡ್ಡಳತೆಯ ಚಕ್ರ ತಗೊಳ್ಳಿ. ಡಬ್ಬದ ಮೇಲೆ 1 ಕಿಲೋವ್ಯಾಟ್ ಅಂತ ಬರೆದಿರ್ತಾರೆ. ಅದು ಸುಳ್ಳಲ್ಲ, ಆದರೆ ಸೆಕೆಂಡಿಗೆ 11 ಮೀಟರ್ ವೇಗದಲ್ಲಿ ಗಾಳಿ ಬೀಸಿದಾಗಿನ ಲೆಕ್ಕ. ಸೆಕೆಂಡಿಗೆ 3 ಮೀಟರ್ ಬೀಸಿದರೆ ಅದೇ ಚಕ್ರದಿಂದ ಸಿಗೋದು ಸುಮಾರು 15 ವ್ಯಾಟ್, ಅಂದ್ರೆ ಒಂದೆರಡು ಎಲ್‌ಇಡಿ ಬಲ್ಬ್. ನಮ್ಮ ಊರುಗಳ ಮನೆ ಮಟ್ಟದಲ್ಲಿ ವರ್ಷದ ಹೆಚ್ಚು ದಿನ ಬೀಸೋದು ಆ ಎರಡನೇ ಜಾತಿಯ ಗಾಳಿ.

ನಮ್ಮ ಹಿರಿಯರಿಗೆ ಈ ಸೂತ್ರ ಗೊತ್ತಿರಲಿಲ್ಲ, ಜಾಗ ಗೊತ್ತಿತ್ತು. ಗಾಳಿ ಬಂದಾಗ ತೂರಿಕೋ ಅಂತ ಗಾದೆ ಹೇಳ್ತೀವಿ, ಆದರೆ ತೂರೋಕೆ ಮೊದಲು ಕಣ ಎಲ್ಲಿ ಮಾಡ್ತಿದ್ದರು ನೆನಪಿಸಿಕೊಳ್ಳಿ. ಗೋಡೆ ಮರೆಯಲ್ಲಿ, ಹುಣಸೆ ಮರದ ಹಿಂದೆ ಯಾರೂ ಕಣ ಮಾಡ್ತಿರಲಿಲ್ಲ. ಬಯಲಲ್ಲಿ, ದಿಬ್ಬದ ಮೇಲೆ ಮಾಡ್ತಿದ್ದರು. ತೂರೋನು ಅದರ ಮೇಲೂ ಇನ್ನೊಂದಿಷ್ಟು ಎತ್ತರದಲ್ಲಿ ನಿಂತು ಮೊರ ಎತ್ತುತ್ತಿದ್ದ.

ಇದನ್ನ ಮರೆತವರ ಲೆಕ್ಕ ಬ್ರಿಟನ್‌ನಲ್ಲಿ ಪಕ್ಕಾ ದಾಖಲಾಗಿದೆ. 2006ರ ಸುಮಾರಿಗೆ ಅಲ್ಲಿ ಮನೆ ಮೇಲಿನ ಟರ್ಬೈನ್ ಒಂದು ಫ್ಯಾಶನ್ ಆಯ್ತು. ಮನೆ ರಿಪೇರಿ ಸಾಮಾನು ಮಾರೋ ದೊಡ್ಡ ಅಂಗಡಿಗಳಲ್ಲೇ ಸುಮಾರು 1,500 ಪೌಂಡಿಗೆ ಸಿಗ್ತಿತ್ತು. ಆಗ ವಿರೋಧ ಪಕ್ಷದ ನಾಯಕರಾಗಿದ್ದ ಡೇವಿಡ್ ಕ್ಯಾಮರಾನ್ ಕೂಡ ಲಂಡನ್ನಿನ ತಮ್ಮ ಮನೆ ಮೇಲೆ ಒಂದು ಹಾಕಿಸಿದರು. ಇವು ನಿಜಕ್ಕೂ ಎಷ್ಟು ಕರೆಂಟ್ ಕೊಡುತ್ತವೆ ಅಂತ ಅಳೆಯೋಕೆ 2007ರಿಂದ 2008ರವರೆಗೆ ವಾರ್ವಿಕ್ ವಿಂಡ್ ಟ್ರಯಲ್ಸ್ ಅನ್ನೋ ಪರೀಕ್ಷೆ ನಡೀತು. ಕಟ್ಟಡಗಳ ಮೇಲಿದ್ದ 26 ಟರ್ಬೈನ್‌ಗಳಿಗೆ ಮೀಟರ್ ಹಾಕಿದರು. 2009ರಲ್ಲಿ ಬಂದ ವರದಿಯ ಅಂಕಿ ಕೇಳಿ: ಒಂದು ಟರ್ಬೈನ್ ಸರಾಸರಿ ದಿನಕ್ಕೆ ಕೊಟ್ಟಿದ್ದು 214 ವ್ಯಾಟ್ ಅವರ್, ವರ್ಷಕ್ಕೆ 78 ಯೂನಿಟ್. ಕೆಟ್ಟು ನಿಂತ, ಆಫ್ ಮಾಡಿಟ್ಟ ಸಮಯವನ್ನ ಬಿಟ್ಟು ಲೆಕ್ಕ ಹಾಕಿದರೂ ವರ್ಷಕ್ಕೆ 230 ಯೂನಿಟ್. ಎಲ್ಲಕ್ಕಿಂತ ಕಳಪೆ ಜಾಗದ ಟರ್ಬೈನ್ ಉತ್ಪಾದಿಸಿದ್ದಕ್ಕಿಂತ ಅದರದ್ದೇ ಎಲೆಕ್ಟ್ರಾನಿಕ್ಸ್ ಜಾಸ್ತಿ ಕರೆಂಟ್ ಕುಡಿದಿತ್ತು!

ಹಾಗಂತ ಎಲ್ಲಾ ಕಡೆ ಗಾಳಿ ಇರಲಿಲ್ಲ ಅಂತಲ್ಲ. ಎತ್ತರದ ಅಪಾರ್ಟ್‌ಮೆಂಟ್‌ಗಳ ನೆತ್ತಿ ಮೇಲಿದ್ದವು ಚೆನ್ನಾಗಿ ಓಡಿದವು. ಆದರೆ ಸದ್ದು ತಡೆಯೋಕೆ ಆಗ್ತಿಲ್ಲ ಅಂತ ಕೆಳಗಿನ ಮನೆಯವರು ದೂರು ಕೊಟ್ಟು, ಪರೀಕ್ಷೆಯ ಹೆಚ್ಚು ಸಮಯ ಅವನ್ನ ಆಫ್ ಮಾಡಿಸಿದ್ದರು. ಗಾಳಿ ಸಿಗೋ ಜಾಗದಲ್ಲಿ ಮನುಷ್ಯರು ಮಲಗಿದ್ದಾರೆ. ಈ ಒಂದು ಸಂಗತಿ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಡ್ತು.

ಯಾಕಂದ್ರೆ ನಾನಿರೋದು ಪುಣೆಯಲ್ಲಿ, ಹನ್ನೆರಡು ಮಹಡಿಯ ಕಟ್ಟಡದಲ್ಲಿ, ಮತ್ತು ಹೋದ ವರ್ಷ ನಮ್ಮ ಸೊಸೈಟಿಯಲ್ಲೂ ಈ ಪ್ರಸ್ತಾಪ ಬಂತು. ಒಬ್ಬ ಮಾರಾಟಗಾರ ಬಂದು ಎರಡು ಟರ್ಬೈನ್‌ಗೆ ಕೊಟೇಶನ್ ಕೊಟ್ಟ. ದುಡ್ಡು ಬರಬೇಕಿದ್ದದ್ದು ಲಿಫ್ಟ್ ಬದಲಾಯಿಸೋಕೆ ಅಂತ ವರ್ಷಗಟ್ಟಲೆ ಕೂಡಿಟ್ಟ ನಿಧಿಯಿಂದ. ಹನ್ನೊಂದನೇ ಮಹಡಿಯ ಆಜಿ ಮಂಡಿನೋವಿನವರು, ಲಿಫ್ಟ್ ನಿಂತ ದಿನ ಅವರು ಮನೆಯಿಂದ ಇಳಿಯೋದಿಲ್ಲ. ಹುಡುಗರಿಗೆ ಟರ್ಬೈನ್ ಬೇಕು, ಪರಿಸರಕ್ಕೆ ಒಳ್ಳೇದು ಅನ್ನೋ ಅವರ ಮಾತೂ ಪ್ರಾಮಾಣಿಕವಾದದ್ದೇ. ಸೆಕ್ರೆಟರಿ ಕಾಕಾ ನನ್ನ ಕಡೆ ತಿರುಗಿ, "ನೀವು ಇತಿಹಾಸ ಅಂತ ವಿಡಿಯೊ ಮಾಡ್ತೀರಲ್ಲ, ಹೇಳಿ" ಅಂದರು.

ನಾನು ಭಾಷಣ ಮಾಡಲಿಲ್ಲ. ಒಂದು ಉದ್ದ ಬಿದಿರಿನ ಗಳಕ್ಕೆ ಒಂದೊಂದು ಅಡಿಗೆ ಒಂದರಂತೆ ರಿಬ್ಬನ್ ಕಟ್ಟಿ, ಭಾನುವಾರ ಸಂಜೆ ಎಲ್ಲರನ್ನೂ ತಾರಸಿಗೆ ಕರೆದೆ. ಆವತ್ತು ಗಾಳಿ ಜೋರಾಗಿಯೇ ಇತ್ತು. ಗಳದ ತುದಿಯ ರಿಬ್ಬನ್ ಗಾಳಿಯ ದಿಕ್ಕಿಗೆ ನೆಟ್ಟಗೆ ಹಾರ್ತಿತ್ತು. ಮಾರಾಟಗಾರ ಗುರುತು ಹಾಕಿದ್ದ ಎತ್ತರದಲ್ಲಿದ್ದವು ಒಮ್ಮೆ ಮೇಲಕ್ಕೆ, ಒಮ್ಮೆ ಹಿಂದಕ್ಕೆ, ಒಮ್ಮೆ ಸುಮ್ಮನೆ ಜೋತು. ಕಟ್ಟಡಕ್ಕೆ ಬಡಿದ ಗಾಳಿ ಗೋಡೆ ಹತ್ತಿ ಮೇಲೆ ಚಿಮ್ಮುತ್ತೆ, ತಾರಸಿ ಮೇಲೆ ಸುಳಿ ಏಳುತ್ತೆ. ಆ ಸುಳಿಯಲ್ಲಿ ಟರ್ಬೈನ್ ದಿಕ್ಕು ಹುಡುಕುತ್ತಾ ತಲೆ ತಿರುಗಿಸ್ತಾನೇ ಇರುತ್ತೆ, ಬೇರಿಂಗ್ ಸವೆಯುತ್ತೆ, ಅದುರು ಕಾಂಕ್ರೀಟಿಗೆ ಇಳಿಯುತ್ತೆ. ಸಣ್ಣ ಟರ್ಬೈನ್ ಹಾಕೋರು ಪಾಲಿಸೋ ಒಂದು ಹಳೇ ಲೆಕ್ಕ ಇದೆ: ಸುತ್ತ 300 ಅಡಿಯೊಳಗೆ ಇರೋ ಮರ, ಕಟ್ಟಡ ಎಲ್ಲಕ್ಕಿಂತ ರೆಕ್ಕೆಯ ಕೆಳತುದಿ 30 ಅಡಿ ಮೇಲಿರಬೇಕು. ನಮ್ಮ ಪಕ್ಕದಲ್ಲೇ ಹದಿನೆಂಟು ಮಹಡಿಯ ಟವರ್ ಏಳ್ತಿದೆ.

ಪ್ರಸ್ತಾಪ ಬಿದ್ದುಹೋಯ್ತು. ಹುಡುಗರಿಗೆ ಇನ್ನೂ ಸ್ವಲ್ಪ ಬೇಜಾರಿದೆ, ನನಗೆ ಗೊತ್ತು.

ಅಳೆದು ನೋಡಿ ಆಮೇಲೆ ಹಾಕು ಅನ್ನೋದನ್ನ ಈ ದೇಶಕ್ಕೆ ಕಲಿಸಿದವರು ಇದೇ ಪುಣೆಯಲ್ಲಿ ಕೆಲಸ ಮಾಡಿದ್ದರು. ಅವರ ಹೆಸರು ಅನ್ನಾ ಮಣಿ. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿ, 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರಗಳ ಮೇಲೆ ಸಂಶೋಧನೆ ಮಾಡಿದರು. ಎಂ.ಎಸ್ಸಿ. ಇಲ್ಲ ಅನ್ನೋ ಕಾರಣಕ್ಕೆ ಡಾಕ್ಟರೇಟ್ ಸಿಗಲಿಲ್ಲ. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ವಿದೇಶದಿಂದ ತರಿಸ್ತಿದ್ದ ಹವಾಮಾನ ಉಪಕರಣಗಳನ್ನ ಇಲ್ಲೇ ತಯಾರಿಸೋ ಹಾಗೆ ಮಾಡಿದರು. 1976ರಲ್ಲಿ ನಿವೃತ್ತಿಯಾದ ಮೇಲೆ ಬೆಂಗಳೂರಿಗೆ ವಾಪಸ್ ಬಂದು ಹಿಡಿದ ಕೆಲಸ ದೇಶದ ಗಾಳಿಯನ್ನ ಅಳೆಯೋದು. 1983ರಲ್ಲಿ ಡಿ. ಎ. ಮೂಲೆ ಅವರ ಜೊತೆ ಭಾರತದ ಗಾಳಿಯ ದತ್ತಾಂಶದ ಪುಸ್ತಕ ತಂದರು. ಆಮೇಲೂ ನಿಲ್ಲಿಸದೆ ನೂರಾರು ಜಾಗಗಳ ಗಾಳಿಯ ಲೆಕ್ಕ ಕೂಡಿಸಿದರು, ಗಾಳಿ ಅಳೆಯೋ ಉಪಕರಣಗಳಿಗೆ ಬೆಂಗಳೂರಿನಲ್ಲೇ ಒಂದು ಸಣ್ಣ ಕಾರ್ಖಾನೆ ನಡೆಸಿದರು.

ಬೆಂಗಳೂರಿನಲ್ಲಿ ಯಂತ್ರಗಳೂ ಆದವು. 1960ರ ದಶಕದಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ನೀರೆತ್ತೋಕೆ ಡಬ್ಲ್ಯುಪಿ-2 ಅನ್ನೋ ಗಾಳಿಗಿರಣಿ ಮಾಡಿತ್ತು. 1979ರಲ್ಲಿ ವಿಜ್ಞಾನ ಸಂಸ್ಥೆಯ ಗೋವಿಂದರಾಜು ಮತ್ತು ರೊದ್ದಂ ನರಸಿಂಹ, ಬಟ್ಟೆಯ ಪಟ ಕಟ್ಟಿದ ಅಗ್ಗದ ನೀರೆತ್ತೋ ಯಂತ್ರದ ಬಗ್ಗೆ ಪ್ರಬಂಧ ಬರೆದರು. ಬ್ಲೈತ್ ಮೇರಿಕರ್ಕ್‌ನಲ್ಲಿ ಕಟ್ಟಿದ್ದೂ ಬಟ್ಟೆಯನ್ನೇ. ನಮ್ಮವರ ಎರಡು ಯಂತ್ರಗಳ ಕೆಲಸವೂ ಕರೆಂಟ್ ಅಲ್ಲ, ನೀರು, ಅದು ಗಮನಿಸಬೇಕಾದ ವಿಷಯ. ನೀರೆತ್ತೋ ಯಂತ್ರಕ್ಕೆ ಗಾಳಿ ಬಂದಾಗ ಓಡಿದರೆ ಸಾಕು, ತೊಟ್ಟಿ ತುಂಬಿರುತ್ತೆ. ಮಂದ ಗಾಳಿಯ ಊರಿಗೆ ಅದು ಒಗ್ಗುತ್ತೆ.

ನಿಮ್ಮಲ್ಲಿ ಊರ ಕಡೆ ಹೊಲ ಇರೋರು ಇದ್ದೀರಿ. ಗದಗಿನ ಕಪ್ಪತಗುಡ್ಡದ ಸುತ್ತ, ಚಿತ್ರದುರ್ಗದ ಜೋಗಿಮಟ್ಟಿ ಕಡೆ ಅಂದ್ರೆ ನಿಮ್ಮ ಲೆಕ್ಕ ಬೇರೆ. ಈ ಸಲ ರಜೆಗೆ ಹೋದಾಗ ಒಂದು ಗಳ, ಹತ್ತು ರಿಬ್ಬನ್ ತಗೊಂಡು ಹೋಗಿ, ಹಳೇ ಕಣ ಎಲ್ಲಿತ್ತು ಅಂತ ಅಜ್ಜನನ್ನ ಕೇಳಿ, ಮೊದಲು ಅಲ್ಲಿ ನಿಲ್ಲಿಸಿ ನೋಡಿ. ಚೆನ್ನಾಗಿ ಹಾರಿದರೆ ಕಪ್‌ಗಳಿರೋ ಅಳತೆಯ ಉಪಕರಣ ಒಂದು ವರ್ಷ ಅಲ್ಲೇ ಇರಲಿ. ಆಷಾಢದ ಗಾಳಿ ಒಂದನ್ನೇ ನೋಡಿ ಅಡ್ವಾನ್ಸ್ ಕೊಡಬೇಡಿ, ಕಾರ್ತಿಕದಲ್ಲಿ ಅದೇ ಜಾಗದಲ್ಲಿ ಎಲೆ ಕೂಡ ಅಲ್ಲಾಡದೆ ಇರಬಹುದು.