ಹಿಂಡಿಯೊಳಗಿನ ವಿಷ

ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಶೇಂಗಾ, ಮುಗ್ಗಲು ವಾಸನೆ ಬಂದ ಜೋಳ, ಕೊಟ್ಟಿಗೆಯ ಮೂಲೆಯಲ್ಲಿ ಗಡ್ಡೆ ಕಟ್ಟಿದ ಹಿಂಡಿ ಇವನ್ನು ಕಂಡಾಗ ನಮ್ಮ ಚಳ್ಳಕೆರೆ ಸೀಮೆಯ ಮನೆಗಳಲ್ಲಿ ಹಿರಿಯರು ಹೇಳುತ್ತಿದ್ದುದು ಒಂದೇ ಮಾತು: “ಬಿಸಾಕಬೇಡಿ, ದನಕ್ಕೆ ಹಾಕಿ.” ಅದು ಜಿಪುಣತನದ ಮಾತಲ್ಲ. ಅನ್ನವನ್ನು ತಿಪ್ಪೆಗೆ ಎಸೆಯಬಾರದೆಂಬ ಸಂಸ್ಕಾರದ ಮಾತು. ಮನುಷ್ಯನಿಗೆ ಆಗದ್ದು ದನಕ್ಕೆ ಆಗುತ್ತದೆ, ದನದ ಹೊಟ್ಟೆ ಏನನ್ನಾದರೂ ಅರಗಿಸಿಕೊಳ್ಳುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಈ ನಂಬಿಕೆ ನಮ್ಮದು ಮಾತ್ರವೂ ಅಲ್ಲ. ಇಂಗ್ಲೆಂಡಿನಂಥ ಮುಂದುವರಿದ ದೇಶದಲ್ಲಿಯೂ 1960ರವರೆಗೆ ಇದೇ ನಂಬಿಕೆ ಇತ್ತು. ಅದು ಮುರಿದು ಬಿದ್ದದ್ದು ಹೇಗೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

(ಹಳೇ ಮೈಸೂರಿನ ವಾಚಕರು ನಾವು ಶೇಂಗಾ ಎಂದಲ್ಲೆಲ್ಲ ಕಡಲೆಕಾಯಿ ಎಂದು ಓದಿಕೊಳ್ಳಬೇಕು. ಬೂಷ್ಟಿಗಂತೂ ಎರಡೂ ಒಂದೇ.)

ಪಶು ಆಹಾರದ ಮೇಲೆ ಸರಕಾರದ ಕಣ್ಣು ಬಿದ್ದದ್ದು ಅದಕ್ಕೂ ಬಹಳ ಹಿಂದೆ. ಇಂಗ್ಲೆಂಡಿನಲ್ಲಿ ಗೊಬ್ಬರ ಮತ್ತು ಪಶು ಆಹಾರಗಳ ಕಾಯಿದೆ ಬಂದದ್ದು 1893ರಲ್ಲಿ. ಆದರೆ ಆ ಕಾಲದ ಚಿಂತೆ ಬೇರೆ. ಅಗಸೆ ಹಿಂಡಿ ಎಂದು ಮಾರಿದ ಚೀಲದಲ್ಲಿ ನಿಜವಾಗಿ ಅಗಸೆ ಎಷ್ಟು, ಕಸಕಡ್ಡಿ ಎಷ್ಟು ಎಂಬುದನ್ನು ನೋಡುವುದು, ಅಂದರೆ ವ್ಯಾಪಾರಿ ರೈತನಿಗೆ ಮೋಸ ಮಾಡದಂತೆ ತಡೆಯುವುದು ಅದರ ಗುರಿ. ಯಾರೂ ಮೋಸ ಮಾಡದೆ, ಯಾರೂ ಬೆರೆಸದೆ, ಶುದ್ಧವಾದ ಹಿಂಡಿಯಲ್ಲಿಯೇ ವಿಷ ಹುಟ್ಟಬಹುದೆಂದು ಆಗ ಯಾರ ಮನಸ್ಸಿಗೂ ಹೊಳೆದಿರಲಿಲ್ಲ.

1960ರ ಬೇಸಿಗೆ. ಇಂಗ್ಲೆಂಡಿನ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ಕ್ರಿಸ್‌ಮಸ್ ಊಟಕ್ಕೆಂದು ಟರ್ಕಿ ಕೋಳಿಗಳನ್ನು ಸಾವಿರಗಟ್ಟಲೆ ಸಾಕುವ ಫಾರಂಗಳಿವೆ. ಅಲ್ಲಿ ಮರಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದವು. ಮೊದಲು ಮೇವು ಬಿಡುವುದು, ಆಮೇಲೆ ರೆಕ್ಕೆ ಜೋತು ಬೀಳುವುದು, ಒಂದು ವಾರದೊಳಗೆ ಪ್ರಾಣ ಹೋಗುವುದು. ಸತ್ತ ಮರಿಯ ಕತ್ತು ಹಿಂದಕ್ಕೆ ಬಾಗಿ, ಕಾಲುಗಳು ನೀಳವಾಗಿ ಚಾಚಿರುತ್ತಿದ್ದವು. ಕೊಯ್ದು ನೋಡಿದರೆ ಯಕೃತ್ತು ಹಾಳಾಗಿರುತ್ತಿತ್ತು. ಹೀಗೆ ಕೆಲವೇ ತಿಂಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿಗಳು ಸತ್ತವು. ಬಾತುಮರಿಗಳೂ ಸತ್ತವು.

ಪಶುವೈದ್ಯರು ಮೊದಲು ಅಂಟುರೋಗವೆಂದು ಅನುಮಾನಿಸಿದರು. ಆದರೆ ಸತ್ತ ಕೋಳಿಯಿಂದ ಬದುಕಿದ ಕೋಳಿಗೆ ರೋಗ ಹತ್ತಲಿಲ್ಲ. ಯಾವ ರೋಗಾಣುವೂ ಸಿಗಲಿಲ್ಲ. ಗೊತ್ತಿದ್ದ ವಿಷಗಳನ್ನು ಹುಡುಕಿದರೆ ಅವೂ ಇರಲಿಲ್ಲ. ಏನೆಂದು ತಿಳಿಯದ ರೋಗಕ್ಕೆ ‘ಟರ್ಕಿ ಎಕ್ಸ್ ರೋಗ’ ಎಂದೇ ಹೆಸರಾಯಿತು. ಬೀಜಗಣಿತದಲ್ಲಿ ಗೊತ್ತಿಲ್ಲದ್ದಕ್ಕೆ ಎಕ್ಸ್ ಎಂದು ಬರೆದುಕೊಳ್ಳುವಂತೆ.

ಸುಳಿವು ಸಿಕ್ಕಿದ್ದು ಭೂಪಟದಲ್ಲಿ. ಸಾವಿನ ವರದಿ ಬಂದ ಫಾರಂಗಳಲ್ಲಿ ಹೆಚ್ಚಿನವು ಲಂಡನ್ನಿನ ಸುತ್ತಲಿನ ಪ್ರದೇಶದಲ್ಲಿದ್ದವು. ಅವುಗಳಿಗೆಲ್ಲ ಅಲ್ಲಿನ ಗಿರಣಿಯಲ್ಲಿ ತಯಾರಾದ ಆಹಾರ ಹೋಗುತ್ತಿತ್ತು. ಆ ಆಹಾರದಲ್ಲಿ ಬಳಸಿದ್ದು ಬ್ರೆಜಿಲ್ ದೇಶದಿಂದ ಹಡಗಿನಲ್ಲಿ ಬಂದ ಶೇಂಗಾ ಹಿಂಡಿ. ಆ ಹಿಂಡಿಯನ್ನು ತಿನ್ನಿಸಿದ ಬಾತುಮರಿ ಸತ್ತಿತು. ಅದನ್ನು ಬಿಟ್ಟು ಬೇರೆಲ್ಲ ತಿನ್ನಿಸಿದ ಮರಿ ಬದುಕಿತು. ಅಪರಾಧಿ ಸಿಕ್ಕಿಬಿದ್ದಿದ್ದ, ಆದರೆ ಅವನ ಆಯುಧ ಇನ್ನೂ ಸಿಕ್ಕಿರಲಿಲ್ಲ.

ವೇಬ್ರಿಜ್‌ನ ಪಶುವೈದ್ಯ ಪ್ರಯೋಗಶಾಲೆಯೂ ಲಂಡನ್ನಿನ ಉಷ್ಣವಲಯ ಉತ್ಪನ್ನ ಸಂಸ್ಥೆಯೂ ಸೇರಿ ಹುಡುಕಾಟಕ್ಕೆ ತೊಡಗಿದವು. 1961ರಲ್ಲಿ ಉಗಾಂಡದ ಶೇಂಗಾ ಮಾದರಿಯೊಂದರಿಂದ ಬೂಷ್ಟನ್ನು ಬೇರ್ಪಡಿಸಿ ಬೆಳೆಸಿದಾಗ ಅದೇ ವಿಷ ತಯಾರಾಯಿತು. ಆ ಬೂಷ್ಟು ಆಸ್ಪರ್ಜಿಲಸ್ ಫ್ಲೇವಸ್. ಸಸ್ಯಶಾಸ್ತ್ರಜ್ಞರಿಗೆ ಅದು 1809ರಿಂದಲೂ ಪರಿಚಿತವಾದ, ಹಸಿರು-ಹಳದಿ ಬಣ್ಣದ, ಎಲ್ಲೆಲ್ಲೂ ಕಾಣುವ ಸಾಮಾನ್ಯ ಬೂಷ್ಟು. ಬಿ.ಎಸ್‌ಸಿ. ತರಗತಿಯಲ್ಲಿ ಸೂಕ್ಷ್ಮದರ್ಶಕದಡಿ ಅದರ ಚಿತ್ರ ಬರೆದು ಅಂಕ ಗಳಿಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಆಸ್ಪರ್ಜಿಲಸ್‌ನ ‘ಅ’, ಫ್ಲೇವಸ್‌ನ ‘ಫ್ಲ’, ವಿಷವೆಂಬರ್ಥದ ‘ಟಾಕ್ಸಿನ್’ ಸೇರಿ 1962ರಲ್ಲಿ ಅಫ್ಲಟಾಕ್ಸಿನ್ ಎಂಬ ಹೆಸರು ಹುಟ್ಟಿತು. ಅಷ್ಟು ಹೊತ್ತಿಗೆ ಇನ್ನೊಂದು ಸಂಗತಿ ಬಯಲಿಗೆ ಬಂದಿತ್ತು. ಆ ಹಿಂಡಿಯನ್ನು ತಿಂಗಳುಗಟ್ಟಲೆ ತಿಂದ ಇಲಿಗಳ ಯಕೃತ್ತಿನಲ್ಲಿ ಕ್ಯಾನ್ಸರ್ ಗಡ್ಡೆಗಳು ಎದ್ದಿದ್ದವು. ಕೋಳಿ ಸಾಕುವವನ ಚಿಂತೆಯಾಗಿದ್ದುದು ಅಂದಿನಿಂದ ಎಲ್ಲರ ಚಿಂತೆಯಾಯಿತು.

ಮೊದಮೊದಲ ಪರೀಕ್ಷೆಯ ರೀತಿ ಕೇಳಿದರೆ ಮನಸ್ಸು ಮರುಗುತ್ತದೆ. ಒಂದು ದಿನ ವಯಸ್ಸಿನ ಬಾತುಮರಿ ಈ ವಿಷಕ್ಕೆ ಬಲು ಬೇಗ ಬಲಿಯಾಗುತ್ತದೆ. ಆದ್ದರಿಂದ ಅನುಮಾನ ಬಂದ ಹಿಂಡಿಯ ಸಾರವನ್ನು ಮರಿಗೆ ಕೆಲವು ದಿನ ಕುಡಿಸಿ, ಆಮೇಲೆ ಅದರ ಯಕೃತ್ತನ್ನು ಕೊಯ್ದು ಪಿತ್ತನಾಳಗಳು ವಿಪರೀತ ಬೆಳೆದಿವೆಯೇ ಎಂದು ನೋಡುತ್ತಿದ್ದರು. ಇಷ್ಟು ಜೀವಹಾನಿ ಬೇಡವೆನಿಸಿದ್ದು ನೇರಳಾತೀತ ದೀಪದಿಂದ. ಈ ವಿಷಕ್ಕೆ ಆ ಬೆಳಕಿನಲ್ಲಿ ಹೊಳೆಯುವ ಗುಣವಿದೆ. ಸಾರವನ್ನು ಲೇಪ ಹಚ್ಚಿದ ಗಾಜಿನ ಹಲಗೆಯ ಮೇಲೆ ಹರಿಸಿ ದೀಪದಡಿ ಹಿಡಿದರೆ ಕೆಲವು ಚುಕ್ಕೆ ನೀಲಿಯಾಗಿಯೂ ಕೆಲವು ಹಸಿರಾಗಿಯೂ ಬೆಳಗುತ್ತವೆ. ಇಂಗ್ಲಿಷಿನಲ್ಲಿ ಆ ಬಣ್ಣಗಳ ಮೊದಲಕ್ಷರ ಹಿಡಿದು ಬಿ ಮತ್ತು ಜಿ ಎಂದು ಹೆಸರಿಟ್ಟರು. ಅತಿ ಘೋರವಾದದ್ದು ಬಿ-1.

ಹಸುವಿನ ಕಥೆ ಬರುವುದು ಇಲ್ಲಿ. ವೇಬ್ರಿಜ್‌ನ ಆಲ್‌ಕ್ರಾಫ್ಟ್ ಮತ್ತು ಕಾರ್ನಗನ್ ಎಂಬ ಸಂಶೋಧಕರು ವಿಷದ ಹಿಂಡಿಯನ್ನು ಕರೆಯುವ ಹಸುಗಳಿಗೆ ತಿನ್ನಿಸಿದರು. ಹಸುಗಳು ಟರ್ಕಿಗಳಂತೆ ಸಾಯಲಿಲ್ಲ. ಆದರೆ ಅವುಗಳ ಹಾಲಿನ ಸಾರವನ್ನು ಕುಡಿದ ಬಾತುಮರಿಗಳ ಯಕೃತ್ತಿನಲ್ಲಿ ಅದೇ ಗುರುತು ಕಾಣಿಸಿತು. ಹಸುವಿನ ದೇಹ ಬಿ-1ನ್ನು ಸ್ವಲ್ಪ ಮಾರ್ಪಡಿಸಿ ಹಾಲಿಗೆ ಇಳಿಸುತ್ತದೆ. ಹಾಲಿನದಾದ್ದರಿಂದ ಅದಕ್ಕೆ ಎಂ ಎಂದು ಹೆಸರು. ತಿಂದ ವಿಷದಲ್ಲಿ ನೂರಕ್ಕೆ ಒಂದರಿಂದ ಮೂರು ಪಾಲು ಹೀಗೆ ಇಳಿಯುತ್ತದೆಂದು ಲೆಕ್ಕ. ಹೆಚ್ಚು ಹಾಲು ಕೊಡುವ ಹಸುವಿನಲ್ಲಿ ಇನ್ನೂ ಹೆಚ್ಚು. ಹಾಲನ್ನು ಎಷ್ಟು ಕಾಯಿಸಿದರೂ ಅದು ಹೋಗುವುದಿಲ್ಲ. ಆದರೆ ಹಿಂಡಿ ನಿಲ್ಲಿಸಿದರೆ ಮೂರು ನಾಲ್ಕು ದಿನಗಳಲ್ಲಿ ಹಾಲು ಸ್ವಚ್ಛವಾಗುತ್ತದೆ. “ದನಕ್ಕೆ ಹಾಕಿ” ಎಂದದ್ದು ಹೀಗೆ ಚೊಂಬಿನಲ್ಲಿ ಮನೆಯೊಳಗೇ ತಿರುಗಿ ಬರುತ್ತದೆ.

ನಮ್ಮ ದೇಶಕ್ಕೆ ಈ ಸುದ್ದಿ ಸಿಡಿಲಿನಂತೆ ಎರಗಿತು. ಏಕೆಂದರೆ ಶೇಂಗಾ ಬೆಳೆಯುವುದರಲ್ಲಿ ಮುಂಚೂಣಿಯಲ್ಲಿದ್ದ ದೇಶ ನಮ್ಮದು. ಎಣ್ಣೆ ತೆಗೆದ ಹಿಂಡಿ ಐರೋಪ್ಯ ದೇಶಗಳಿಗೆ ಹಡಗುಗಟ್ಟಲೆ ಹೋಗಿ ವಿದೇಶಿ ಹಣ ತರುತ್ತಿತ್ತು. ಎಣ್ಣೆ ತೆಗೆದಾಗ ವಿಷದ ಬಹುಭಾಗ ಉಳಿಯುವುದು ಹಿಂಡಿಯಲ್ಲಿ. ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮೈಸೂರಿನಲ್ಲಿ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಸೇರಿಸಿ ಬಡಮಕ್ಕಳಿಗೆಂದು ಒಂದು ಪೌಷ್ಟಿಕ ಆಹಾರವನ್ನು ರೂಪಿಸಿತ್ತು. ಹಾಲು ಕೊಳ್ಳಲಾರದವರಿಗೆ ಅಗ್ಗದ ಸಸಾರಜನಕ. ಅಂಥ ಸದುದ್ದೇಶದ ಹಿಟ್ಟಿನ ಬುಡಕ್ಕೇ ಈ ಸಂದೇಹ ಬಂತು. ಆ ಸಂಸ್ಥೆಯ ವಿಜ್ಞಾನಿಗಳು ಬೆನ್ನು ತೋರಿಸಲಿಲ್ಲವೆಂಬುದು ನಮಗೆ ಹೆಮ್ಮೆಯ ವಿಷಯ. ವಿಷವನ್ನು ಪತ್ತೆ ಹಚ್ಚುವ, ಕೆಟ್ಟ ಕಾಳನ್ನು ಆರಿಸಿ ತೆಗೆಯುವ ಕೆಲಸಕ್ಕೆ ಅವರೇ ಕೈಹಾಕಿದರು.

ಸಂದೇಹ ಬರಿಯ ಸಂದೇಹವಾಗಿ ಉಳಿಯಲಿಲ್ಲ. 1966ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿಯೇ ವಿಷದ ಶೇಂಗಾ ಹಿಂಡಿ ತಿಂದು ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಸತ್ತವು. 1971ರಲ್ಲಿ ಮೈಸೂರಿನ ವೈದ್ಯರೂ ವಿಜ್ಞಾನಿಗಳೂ ಸೇರಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಬಂಧ ಪ್ರಕಟಿಸಿದರು. ಪುಷ್ಟಿಹೀನತೆಯಿಂದ ನರಳುತ್ತಿದ್ದ ಮಕ್ಕಳಿಗೆ ಗೊತ್ತಿಲ್ಲದೆ ವಿಷ ಸೇರಿದ್ದ ಶೇಂಗಾ ಹಿಟ್ಟು ಸಂದಿತ್ತು. ಅವರ ಯಕೃತ್ತು ಗಟ್ಟಿಗಟ್ಟುವ ಸಿರೋಸಿಸ್ ರೋಗಕ್ಕೆ ತುತ್ತಾಗಿತ್ತು. ತಮ್ಮೂರಿನಲ್ಲೇ ಆದ ಇಂಥ ಅನಾಹುತವನ್ನು ಮುಚ್ಚಿಡದೆ ಜಗತ್ತಿಗೆ ತಿಳಿಸಿದವರ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಆದರೂ ಆ ಮಕ್ಕಳ ಮಾತು ಬಂದಾಗಲೆಲ್ಲ ನಮ್ಮ ಲೇಖನಿ ತಡೆಯುತ್ತದೆ.

ನಮ್ಮ ಹೈದರಾಬಾದಿನ ತಾರ್ನಾಕಾದಲ್ಲಿ ಬಸ್ಸಿಗೆ ನಿಲ್ಲುವವರು ರಾಷ್ಟ್ರೀಯ ಪೋಷಣ ಸಂಸ್ಥೆಯ ಫಲಕವನ್ನು ನೋಡಿಯೇ ಇರುತ್ತೀರಿ. 1974ರ ಕೊನೆಯಲ್ಲಿ ಗುಜರಾತಿನ ಪಂಚಮಹಲ್, ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳಲ್ಲಿ ಕಾಮಾಲೆ, ಹೊಟ್ಟೆಯುಬ್ಬರದ ವಿಚಿತ್ರ ಕಾಯಿಲೆ ಹರಡಿದಾಗ ಇಲ್ಲಿನ ವಿಜ್ಞಾನಿಗಳೇ ಅಲ್ಲಿಗೆ ಹೋದರು. ಅಕಾಲದ ಮಳೆಗೆ ಮೆಕ್ಕೆಜೋಳ ನೆನೆದು ಬೂಷ್ಟು ಹಿಡಿದಿತ್ತು. ಬೇರೆ ಕಾಳಿಲ್ಲದ ಗಿರಿಜನರು ಅದನ್ನೇ ಉಂಡರು. 397 ಜನ ಮಲಗಿದರು, 106 ಜನ ಸತ್ತರು. ಅವರು ಹಾಕಿದ ಎಂಜಲು ತಿಂದ ಮನೆಯ ನಾಯಿಗಳಿಗೂ ಅದೇ ಗತಿಯಾಯಿತು. ಟರ್ಕಿಯ ರೋಗ ಹದಿನಾಲ್ಕು ವರ್ಷಗಳಲ್ಲಿ ಮನುಷ್ಯನ ಗುಡಿಸಲಿಗೆ ಬಂದಿತ್ತು.

ಇನ್ನು ಕಾನೂನಿನ ಮಾತು. ಅಮೆರಿಕ 1965ರಲ್ಲಿ ಒಂದು ಕಿಲೋಗೆ 30 ಮೈಕ್ರೋಗ್ರಾಂ ಎಂದು ಮಿತಿ ಹಾಕಿ 1969ರಲ್ಲಿ ಅದನ್ನು 20ಕ್ಕೆ ಇಳಿಸಿತು. ಐರೋಪ್ಯ ಆರ್ಥಿಕ ಸಮುದಾಯ 1973ರ ಡಿಸೆಂಬರಿನಲ್ಲಿ ಪಶು ಆಹಾರದ ಅನಪೇಕ್ಷಿತ ವಸ್ತುಗಳ ಬಗ್ಗೆ ನಿರ್ದೇಶನ ಹೊರಡಿಸಿತು. 20 ಮೈಕ್ರೋಗ್ರಾಂ ಅಂದರೆ ಎಷ್ಟು? ಹತ್ತು ಟನ್ನಿನ ನೂರು ಲಾರಿ ಹಿಂಡಿಯಲ್ಲಿ ನಾಲ್ಕು ಚಮಚ ಸಕ್ಕರೆಯಷ್ಟು ವಿಷ. ಅಷ್ಟನ್ನು ಕಂಡುಹಿಡಿಯುವ ಉಪಕರಣಗಳು ಈಗ ಬಂದಿವೆ. ನಮ್ಮ ಪಕ್ಕದ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ಕಡಿಮೆ ಖರ್ಚಿನ ಎಲೈಸಾ ಪರೀಕ್ಷೆಯನ್ನೂ ರೂಪಿಸಿದೆ. ಕಷ್ಟವಿರುವುದು ಉಪಕರಣದಲ್ಲಲ್ಲ, ಮಾದರಿ ತೆಗೆಯುವುದರಲ್ಲಿ. ಬೂಷ್ಟು ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಸಾವಿರ ಕಾಳು ಚೊಕ್ಕಟವಾಗಿದ್ದು ಒಂದೇ ಕಾಳಿನಲ್ಲಿ ಎಲ್ಲ ವಿಷವೂ ತುಂಬಿರಬಹುದು. ಆ ಕಾಳು ಇನ್ಸ್‌ಪೆಕ್ಟರನ ಮುಷ್ಟಿಗೆ ಬಂದರೆ ಇಡೀ ಲೋಡು ತಿರಸ್ಕೃತ, ಬಾರದಿದ್ದರೆ ಇಡೀ ಲೋಡು ಪಾಸು. ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಪ್ರಮಾಣಪತ್ರದ ಮೇಲೆ ಅಪಾರ ಭಕ್ತಿ. ಆದರೆ ಈ ಸಂಗತಿ ಓದಿದ ಮೇಲೆ ಆ ಭಕ್ತಿ ಸ್ವಲ್ಪ ಕಡಿಮೆಯಾಯಿತು.

ನಮ್ಮ ದೇಶದಲ್ಲಿ ರಫ್ತಿನ ಸರಕಿಗೆ 1963ರ ಗುಣನಿಯಂತ್ರಣ ಮತ್ತು ತಪಾಸಣೆ ಕಾಯಿದೆ ಇತ್ತು, ಕೊಳ್ಳುವ ದೇಶದ ಕಟ್ಟುನಿಟ್ಟೂ ಇತ್ತು. ಒಳನಾಡಿನ ಹಿಂಡಿಗೆ ಮಾನಕ ಸಂಸ್ಥೆಯ ಗುಣಮಟ್ಟವಿದ್ದರೂ ಅದನ್ನು ಪಾಲಿಸುವುದು ಬಹುಕಾಲ ತಯಾರಕರ ಇಚ್ಛೆಗೆ ಬಿಟ್ಟದ್ದಾಗಿತ್ತು. ಅಂದರೆ ಪರದೇಶದ ಹಸುವಿಗೆ ಇದ್ದ ರಕ್ಷಣೆ ನಮ್ಮ ಹಸುವಿಗೆ ಇರಲಿಲ್ಲ. ಇದನ್ನು ಬರೆಯುವಾಗ ನಮಗೆ ಸಿಟ್ಟು ಬಂದರೆ ವಾಚಕರು ಮನ್ನಿಸಬೇಕು.

ಫಲ ಎಷ್ಟೋ ವರ್ಷಗಳ ಮೇಲೆ ಕಾಣಿಸಿತು. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದ ಎಲ್ಲೆಡೆಯಿಂದ 6,432 ಹಾಲಿನ ಮಾದರಿಗಳನ್ನು ಸಂಗ್ರಹಿಸಿತು. ಹಾಲಿಗೆ ನೀರು, ಯೂರಿಯಾ ಬೆರೆಸುತ್ತಾರೆಂದು ನಾವೆಲ್ಲ ಹೆದರುತ್ತೇವಲ್ಲ, ಕಲಬೆರಕೆಯಿಂದ ಅಪಾಯಕಾರಿಯಾದ ಮಾದರಿಗಳು ಬೆರಳೆಣಿಕೆಯಷ್ಟೇ ಸಿಕ್ಕವು. ಆದರೆ 368 ಮಾದರಿಗಳಲ್ಲಿ, ಅಂದರೆ ನೂರಕ್ಕೆ 5.7ರಷ್ಟರಲ್ಲಿ, ಅಫ್ಲಟಾಕ್ಸಿನ್ ಎಂ-1 ಮಿತಿ ಮೀರಿತ್ತು. ಹೆಚ್ಚು ಕಂಡದ್ದು ತಮಿಳುನಾಡು, ದಿಲ್ಲಿ ಮತ್ತು ಕೇರಳದಲ್ಲಿ. ಬಿಡಿ ಹಾಲಿಗಿಂತ ಪ್ಯಾಕೆಟ್ಟಿನ ಹಾಲಿನಲ್ಲೇ ಹೆಚ್ಚು. ಚೆನ್ನೈ, ದಿಲ್ಲಿಗಳಲ್ಲಿರುವ ನಮ್ಮ ಕನ್ನಡ ಬಂಧುಗಳು ಇದನ್ನು ಗಮನಿಸಬೇಕು. ಆ ವರದಿಯ ತರುವಾಯ, ಮಾರಾಟಕ್ಕಿರುವ ಪಶು ಆಹಾರ ಮಾನಕ ಬ್ಯೂರೋದ ಗುಣಮಟ್ಟಕ್ಕೆ ಒಳಪಡಬೇಕೆಂದು ಪ್ರಾಧಿಕಾರ ಆದೇಶ ಹೊರಡಿಸಿತು. ಆ ಗುಣಮಟ್ಟದಲ್ಲಿ ಬಿ-1ಕ್ಕೆ ಮಿತಿ ಕಿಲೋಗೆ 20 ಮೈಕ್ರೋಗ್ರಾಂ. ಆದೇಶ ಮುಟ್ಟುವುದು ಚೀಲ ಹೊಲಿದು ಹೆಸರು ಅಚ್ಚೊತ್ತಿದ ಆಹಾರಕ್ಕೆ. ಹಳ್ಳಿಯ ಗಾಣದ ಹಿಂಡಿಗೆ, ಮನೆಯ ಅಟ್ಟದ ಕಾಳಿಗೆ ಇನ್ಸ್‌ಪೆಕ್ಟರ್ ಎಲ್ಲಿಂದ ಬರಬೇಕು?

ಕಳೆದ ದಸರೆಗೆ ಊರಿಗೆ ಹೋದಾಗ ಚಿಕ್ಕಪ್ಪನ ಕೊಟ್ಟಿಗೆಯಲ್ಲಿ ಅಂಥದೇ ಒಂದು ಚೀಲ ನೋಡಿದೆವು. ಮಳೆಯ ಹನಿ ಸೋರಿ ಒಂದು ಮಗ್ಗುಲು ಹಸಿರು ತಿರುಗಿತ್ತು. ನಮಗೆ ಗೊತ್ತಿದ್ದುದನ್ನೆಲ್ಲ ಹೇಳಿದೆವು. ಟರ್ಕಿ, ಬಾತುಮರಿ, ಮೈಸೂರಿನ ಮಕ್ಕಳು ಒಂದನ್ನೂ ಬಿಡಲಿಲ್ಲ. ಚಿಕ್ಕಪ್ಪ ತಾಳ್ಮೆಯಿಂದ ಕೇಳಿಸಿಕೊಂಡರು.

“ಬಿಸಿಲಿಗೆ ಹಾಕಿದ್ರೆ ಹೋಗಲ್ವೇನಪ್ಪಾ?”

“ಬೂಷ್ಟು ಒಣಗಬಹುದು ಚಿಕ್ಕಪ್ಪಾ, ಒಳಗೆ ಸೇರಿದ ವಿಷ ಹೋಗುತ್ತೆ ಅಂತ ನಂಬೋ ಹಾಗಿಲ್ಲ.”

“ಸರಿ. ಇದನ್ನ ಸುಟ್ಟು ಹಾಕ್ತೀನಿ ಅಂತಿಟ್ಕೋ. ನಾಳೆ ಹಸಕ್ಕೆ ಏನು ಹಾಕ್ಲಿ? ಡೈರಿಯವರು ಹಾಲಿನ ಜಿಡ್ಡು ನೋಡಿ ದುಡ್ಡು ಕೊಡ್ತಾರೆ. ನಾನು ಸುಟ್ಟ ಹಿಂಡೀಗೆ ಯಾರು ಕೊಡ್ತಾರೆ?”

ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ಚೀಲವನ್ನು ಎಳೆದು ಬಾಗಿಲ ಹೊರಗಿನ ಬಂಡೆಗೆ ಒರಗಿಸಿದರು. ಹಸು ಕೊರಳು ಚಾಚಿ ಅದರ ಕಡೆಗೇ ನೋಡುತ್ತಿತ್ತು. ಸಂಜೆ ಕಾಫಿಗೆ ಹಾಲು ಬಂದಾಗ ನಾವು ಯಾರೂ ಆ ಮಾತನ್ನು ಮತ್ತೆ ಎತ್ತಲಿಲ್ಲ.