ನೆಲದೊಳಗಿನ ರಾಗಿ ಯಾರದು?

ಹಗೇವು ಎಂದರೆ ರಾಗಿ ಕೆಡದಂತೆ ಇಡುವ ಗುಂಡಿ ಎಂದಷ್ಟೇ ಹೇಳಿ ಮುಗಿಸುವುದು ರೂಢಿ. ಮಾಗಡಿ, ಕನಕಪುರ, ಚನ್ನಪಟ್ಟಣದ ಬೆದ್ದಲು ಸೀಮೆಯಲ್ಲಿ ಅದರ ದೊಡ್ಡ ಕೆಲಸ ಬೇರೆಯೇ ಇತ್ತು: ಬೆಳೆದದ್ದನ್ನು ಕಣದಲ್ಲೇ ಮಾರಿಬಿಡಬೇಕಾದ ಒತ್ತಾಯದಿಂದ ಅದು ಒಕ್ಕಲಿಗನನ್ನು ಬಿಡಿಸುತ್ತಿತ್ತು. ನೀರು ನಿಲ್ಲದ ಗಡುಸು ನೆಲದಲ್ಲಿ ಒಬ್ಬ ಆಳು ಇಳಿಯುವಷ್ಟೇ ಬಾಯಿ, ಕೆಳಗೆ ಹೋದಂತೆ ಅಗಲವಾಗುವ ಹೊಟ್ಟೆ, ಸುತ್ತಲೂ ಹುಲ್ಲು. ಚೆನ್ನಾಗಿ ಒಣಗಿದ ರಾಗಿ ತುಂಬಿ, ಚಪ್ಪಡಿ ಎಳೆದು, ಸಂದಿಗೆ ಮಣ್ಣು ಮೆತ್ತುತ್ತಿದ್ದರು. ಒಳಗಿನ ಆಮ್ಲಜನಕ ಕಾಳಿನ ಉಸಿರಾಟಕ್ಕೇ ಕರಗಿ ಹುಳು ಉಳಿಯುತ್ತಿರಲಿಲ್ಲ. ತೆರೆದ ಕೂಡಲೇ ಇಳಿದರೆ ಮನುಷ್ಯನೂ ಉಳಿಯುತ್ತಿರಲಿಲ್ಲ. ಬಾಯಿ ತೆಗೆದು ಬಹಳ ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಆಲೂಗಡ್ಡೆಯನ್ನು ಹೀಗೆ ಹೂತಿಟ್ಟರೆ ಕೊಳೆತು ನಾರೀತು. ರಾಗಿಯದು ಸಣ್ಣ, ಗಟ್ಟಿ, ಜಿಡ್ಡು ಕಡಿಮೆಯ ಕಾಳು, ವರ್ಷಗಟ್ಟಲೆ ತಾಳುತ್ತದೆ. ಮೇಲಾಗಿ ಕಣ್ಣಿಗೆ ಬೀಳದು. 1791ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ದಂಡು ಸಾವನದುರ್ಗ ಹಿಡಿದಂಥ ದಿನಗಳಲ್ಲಿ ಅದೇನು ಸಣ್ಣ ಅನುಕೂಲವಲ್ಲ.

ಹಾಗಿದ್ದರೆ 1876-78ರ ಕ್ಷಾಮದಲ್ಲಿ ಹಗೇವು ಏಕೆ ಕಾಯಲಿಲ್ಲ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು; 1881ರ ಖಾನೇಷುಮಾರಿಯ ಹೊತ್ತಿಗೆ 42 ಲಕ್ಷಕ್ಕೂ ಕೆಳಗಿಳಿದಿತ್ತು. ಮಳೆ ಸಾಲಾಗಿ ಕೈಕೊಟ್ಟರೆ ಯಾವ ಗುಂಡಿಯೂ ಬರಿದಾಗುತ್ತದೆ, ನಿಜ. ಆದರೆ ಉಂಡು ಮಿಕ್ಕ ರಾಗಿ ಇದ್ದವನಿಗಷ್ಟೇ ಹಗೇವು ಎಂಬುದನ್ನು ಅದರ ಗುಣಗಾನ ಮಾಡುವವರು ಮರೆಯುತ್ತಾರೆ. ಕೂಲಿಯವನ ಮನೆಯಲ್ಲಿ ಹೂಳುವುದಕ್ಕೆ ಏನಿತ್ತು? ಒಡೆಯನಿಗೆ ಬಲ ಕೊಟ್ಟ ಅದೇ ಕಾಯುವ ಶಕ್ತಿ, ಬೆಲೆ ಏರಿದಾಗ ಕೊಂಡು ಉಣ್ಣುವವನಿಗೆ ಮುಳುವಾಗುತ್ತಿತ್ತು.

ಗೋಣಿಚೀಲವೂ ಗೋದಾಮೂ ಬಂದು ಹಗೇವು ಹೋಯಿತು ಎನ್ನುವ ವಿವರಣೆ ನನಗೆ ಅರೆಬರೆ ಅನಿಸುತ್ತದೆ. ಪಡಿತರ ಅಂಗಡಿ ಬಂತು. ಅದಕ್ಕಿಂತ ಮುಖ್ಯವಾಗಿ, ಈ ಸೀಮೆಯ ಬೇಸಾಯ ಹಿಪ್ಪುನೇರಳೆಗೂ ಮಾವಿಗೂ ತಿರುಗಿತು. ರೇಷ್ಮೆಗೂಡನ್ನು ರೈತ ಕೂಡಿಡುವಂತಿಲ್ಲ. ಕೆಲವೇ ದಿನಗಳಲ್ಲಿ ಚಿಟ್ಟೆ ಕೊರೆದು ಹೊರಬಂದರೆ ನೂಲು ತುಂಡಾಗುತ್ತದೆ. ಬಿಡಿಸಿದ ಗೂಡು ನೇರ ರಾಮನಗರದ ಮಾರುಕಟ್ಟೆಗೆ, ಹರಾಜಿನ ಅಂದಿನ ಬೆಲೆಗೆ. ವರ್ಷಕ್ಕೊಂದು ಬೆಳೆಯ ಬದಲು ಹಲವು ಸಲ ಕೈಗೆ ಕಾಸು ಬಂದದ್ದನ್ನು ಹೀಗಳೆಯುವಂತಿಲ್ಲ. ಆದರೆ ಗೂಡಿನೊಳಗಿನ ಹುಳುವನ್ನು ಬಿಸಿಯಲ್ಲಿ ಕೊಂದು, ಒಣಗಿಸಿ, ಬೇಕಾದಾಗ ನೂಲು ತೆಗೆಯುವ ಸಲಕರಣೆ ಇರುವುದು ಬೆಳೆಗಾರನ ಮನೆಯಲ್ಲಲ್ಲ, ರೀಲರ್ ಬಳಿ.