ಓಬವ್ವನ ಕಿಂಡಿ, ಪಾರ್ಕಿನ ಬೀಗ

ಚಿತ್ರದುರ್ಗದ ಏಳುಸುತ್ತಿನ ಕೋಟೆ ಹತ್ತಿದವರಿಗೆ ಗೊತ್ತು, ಅಲ್ಲಿ ಒಂದು ಬಾಗಿಲಿನ ನೇರಕ್ಕೆ ಇನ್ನೊಂದಿಲ್ಲ. ಶತ್ರುಗಳ ಆನೆ ಓಡಿ ಬಂದು ಗುದ್ದಬಾರದು, ದಂಡು ಒಟ್ಟಿಗೆ ನುಗ್ಗಬಾರದು ಅಂತ ಮಾಡಿದ ಉಪಾಯ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಬೇಕಾದ ಕಿಂಡಿಯಲ್ಲೇ ಓಬವ್ವ ಒನಕೆ ಹಿಡಿದು ನಿಂತಳು ಅಂತಾರೆ ದುರ್ಗದ ಜನ. ಕೊನೆಗೆ 1779ರಲ್ಲಿ ಕೋಟೆ ಹೈದರನ ಪಾಲಾಯ್ತು.

ಈಗ ಅಲ್ಲಿಗೆ ಬರೋರು ಶತ್ರುಗಳಲ್ಲ, ಮಕ್ಕಳು, ಅಜ್ಜ-ಅಜ್ಜಿಯರು. ಮೇಲೆ ಯಾರಿಗಾದರೂ ಎದೆನೋವು ಬಂದರೆ ಅದೇ ಡೊಂಕು ದಾರಿಯಲ್ಲಿ ಹೊತ್ತು ಇಳಿಸಬೇಕು. ಸ್ಮಾರಕದ ಗೋಡೆ ಒಡೆಯೋಕಾಗಲ್ಲ, ಒಪ್ಪೋಣ. ಹಾಗಾಗಿ ಸ್ಟ್ರೆಚರ್, ಪ್ರಥಮ ಚಿಕಿತ್ಸೆ ಬಲ್ಲವರು ಮೇಲೆಯೇ ಇರಬೇಕು.

ಆದರೆ ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಲ್ಲೇ ಆಗಲಿ, ಪಾರ್ಕನ್ನೂ ಕೋಟೆ ಥರ ಯಾಕೆ ಕಟ್ಟಬೇಕು? ದನ, ಬೈಕು ನುಗ್ಗಬಾರದು ಅಂತ ಒಬ್ಬರೇ ನುಸುಳೋ ಗೇಟು ಇಟ್ಟು, ದೊಡ್ಡ ಗೇಟಿಗೆ ಬೀಗ ಜಡಿದರೆ ಗಾಲಿಕುರ್ಚಿಯೂ ಹೊರಗೇ. ರಾಜ್ಯಕ್ಕೆ 108 ಆಂಬುಲೆನ್ಸ್ ಬಂದದ್ದು 2008ರಲ್ಲಿ. ಊರೆಲ್ಲ ದಾಟಿ ಓಡಿ ಬಂದ ಗಾಡಿ ಬೀಗದ ಮುಂದೆ ನಿಂತರೆ ಏನು ಬಂತು? ಬೀಗದ ಕೈ ಯಾರ ಹತ್ತಿರ ಇದೆ ಅಂತ ಫೋನ್ ನಂಬರ್ ಸಮೇತ ಗೇಟಿನ ಮೇಲೇ ಬರೆದು ಹಾಕಲಿ.

ಓಬವ್ವನ ಕಥೆ ಹೇಳೋದೂ ಇದನ್ನೇ ಅಲ್ವೇ? ಅಂದು ಕೋಟೆ ಉಳಿದದ್ದು ಕಲ್ಲಿನಿಂದಲ್ಲ, ಆ ಹೊತ್ತಿಗೆ ಅಲ್ಲಿದ್ದ ಒಬ್ಬಳಿಂದ. ನಿಮ್ಮೂರ ಪಾರ್ಕಿನ ಬೀಗದ ಕೈ ಯಾರ ಹತ್ತಿರ ಇದೆ, ಗೊತ್ತಾ?